ಪೋಲಾಳ್ವ ದಂಡನಾಥ

ಮಲೆನಾಡಿನಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ಎಂಬ ಎರಡು ಹೊಳೆಗಳು ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆ ಎಂಬ ಹೆಸರು ತಳೆದು ಉತ್ತರಾಭಿಮುಖವಾಗಿ ಹರಿಯುತ್ತವೆ. ಸೂಳೆಕೆರೆಯೆಂದು ಪ್ರಸಿದ್ಧವಾದ ಶಾಂತಿಸಾಗರದಿಂದ ಹೊರಟ ಹರಿದ್ರಾ ನದಿಯು ಹರಿಹರ ಪಟ್ಟಣದ ಬಳಿ ಬಂದು ಈ ತುಂಗಭದ್ರೆಯನ್ನು ಸೇರುತ್ತದೆ. ಎರಡು ನೀರುಗಳು ಕೂಡುವ ಆ ಸ್ಥಳಕ್ಕೆ ಹಿಂದೆ ಕೂಡಲೂರು ಎಂಬ ಹೆಸರಿದ್ದಿತು. ಸುಮಾರು ಎಂಟು ನೂರು ವರ್ಷಗಳ ಹಿಂದೆ, ಎರಡು ನದಿಗಳು ಕೂಡಿದ ಆ ಊರಿನಲ್ಲಿ ಎರಡು ಮತಗಳ ಜನರನ್ನೂ ಒಂದೇ ಸೂರಿನ ಕೆಳಗೆ ಕೂಡಿಸಬಲ್ಲ ಕಟ್ಟಡವೊಂದು ಎದ್ದಿತು. ಅದನ್ನು ಕಟ್ಟಿಸಿದವನು ಅರಸನಲ್ಲ. ಅರಸನ ಸೇನೆಯನ್ನು ನಡೆಸುತ್ತಿದ್ದ ಒಬ್ಬ ದಂಡನಾಥ. ಅವನೇ ಪೋಲಾಳ್ವ.

ಪೋಲಾಳ್ವನು ಹೊಯ್ಸಳ ವಂಶದ ಇಮ್ಮಡಿ ನರಸಿಂಹನ ಮಂತ್ರಿಯೂ ಸೇನಾನಿಯೂ ಆಗಿದ್ದನು. ನರಸಿಂಹನ ತಂದೆಯಾದ ಇಮ್ಮಡಿ ವೀರಬಲ್ಲಾಳನು 1173ರಿಂದ 1220ರವರೆಗೆ ಆಳಿ, ಹೊಯ್ಸಳ ರಾಜ್ಯವನ್ನು ಉತ್ತರದಲ್ಲಿ ಬಹುದೂರದವರೆಗೆ ವಿಸ್ತರಿಸಿದ ಪರಾಕ್ರಮಿ. ಉಚ್ಚಂಗಿಯ ಪಾಂಡ್ಯರನ್ನು ಸೋಲಿಸಿ ಅವರ ದುರ್ಗವನ್ನು ವಶಪಡಿಸಿಕೊಂಡುದು ಅವನ ಸಾಹಸಗಳಲ್ಲಿ ಒಂದು. ಈಗಿನ ದಾವಣಗೆರೆ ಮತ್ತು ಹರಿಹರದ ಪ್ರದೇಶವು ಹೀಗೆ ಹೊಯ್ಸಳರ ಆಳ್ವಿಕೆಗೆ ಸೇರಿತು. ಆದರೆ ಬಲ್ಲಾಳನ ಕಡೆಯ ದಿನಗಳಲ್ಲಿ ದೇವಗಿರಿಯ ಸೇವುಣರು ಬಲಿಷ್ಠರಾದರು. ಅವರ ದೊರೆ ಸಿಂಘಣನು ತುಂಗಭದ್ರೆಯವರೆಗೆ ಕೈಚಾಚಿದನು. 1220ರಲ್ಲಿ ನರಸಿಂಹನು ಪಟ್ಟಕ್ಕೆ ಬಂದಾಗ ತುಂಗಭದ್ರೆಯ ದಡವು ಎರಡು ದೊಡ್ಡ ರಾಜ್ಯಗಳು ಪರಸ್ಪರ ದೃಷ್ಟಿಯಿಟ್ಟು ಕಾಯುತ್ತಿದ್ದ ಗಡಿಯಾಗಿತ್ತು. ನದಿಯ ತೀರದಲ್ಲಿ ಸೇವುಣರೊಡನೆ ನಡೆದ ಕಾಳಗಗಳನ್ನೂ ನರಸಿಂಹನು ಪಡೆದ ಗೆಲುವುಗಳನ್ನೂ ಹರಿಹರದ ಶಾಸನವು ಹೊಗಳುತ್ತದೆ.

ಇಂತಹ ಗಡಿನಾಡಿನಲ್ಲಿ ಸೇನಾನಿಯ ಹೊಣೆಯನ್ನು ಹೊರುವುದು ಸುಲಭವಾಗಿರಲಿಲ್ಲ. ಯುದ್ಧವಿದ್ದಾಗ ಕತ್ತಿ ಹಿಡಿಯಬೇಕು. ಇಲ್ಲದಾಗ ಊರುಗಳ ವ್ಯವಹಾರವನ್ನು ನೋಡಿಕೊಳ್ಳಬೇಕು. ಆ ಕಾಲದ ದಂಡನಾಯಕರು ಯುದ್ಧವೊಂದನ್ನೇ ಬಲ್ಲವರಾಗಿರಲಿಲ್ಲ. ಕೆರೆ ಕಟ್ಟಿಸುವುದು, ಅಗ್ರಹಾರಗಳಿಗೆ ದತ್ತಿ ಬಿಡುವುದು, ದೇವಾಲಯಗಳನ್ನು ನಿರ್ಮಿಸುವುದು, ಕವಿಗಳಿಗೆ ಆಶ್ರಯ ನೀಡುವುದು ಇವೆಲ್ಲವೂ ಅವರ ಕರ್ತವ್ಯದಲ್ಲಿ ಸೇರಿದ್ದುವು. ಪೋಲಾಳ್ವನು ಸ್ವತಃ ಕವಿಯಾಗಿದ್ದನು. ಹರಿಚರಿತ್ರೆ ಎಂಬ ಕೃತಿಯ ಕರ್ತೃವೆಂದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿಯೂ ಅವನ ಹೆಸರು ದಾಖಲಾಗಿದೆ. ಕೃತಿಯ ಹೆಸರೇ ಸೂಚಿಸುವಂತೆ ಅದು ವಿಷ್ಣುವಿನ ಚರಿತೆ. ಹರಿಯ ಕಥೆಯನ್ನು ಕಾವ್ಯವಾಗಿಸಿದ ಆ ಕವಿಯೇ ಮುಂದೆ ಹರಿಗೂ ಹರನಿಗೂ ಸಮಾನವಾದ ಮನೆಯನ್ನು ಕಟ್ಟಿಸಿದನೆಂಬುದು ಗಮನಿಸಬೇಕಾದ ಸಂಗತಿ.

ಆ ಕಾಲದ ಧಾರ್ಮಿಕ ಜೀವನವನ್ನು ತಿಳಿಯದೆ ಪೋಲಾಳ್ವನ ಕಾರ್ಯದ ಮಹತ್ತ್ವ ನಮಗೆ ಅರ್ಥವಾಗದು. ಹನ್ನೆರಡನೆಯ ಶತಮಾನವು ಕನ್ನಡ ನಾಡಿನಲ್ಲಿ ಮತಗಳ ಮಹಾಸಂಚಲನದ ಕಾಲ. ದಕ್ಷಿಣದಲ್ಲಿ ರಾಮಾನುಜಾಚಾರ್ಯರು ಮೇಲುಕೋಟೆಯಲ್ಲಿ ನೆಲೆಸಿ ಶ್ರೀವೈಷ್ಣವ ಮಾರ್ಗವನ್ನು ಬೋಧಿಸಿದ್ದರು. ಹೊಯ್ಸಳ ವಿಷ್ಣುವರ್ಧನನು ಆ ಮಾರ್ಗವನ್ನು ಹಿಡಿದನೆಂಬ ಪ್ರತೀತಿ ಇದೆ. ಅವನ ರಾಣಿ ಶಾಂತಲೆಯು ಜೈನಧರ್ಮದಲ್ಲಿಯೇ ಉಳಿದಳು. ಉತ್ತರದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರು ಮತ್ತು ಶರಣರು ಶಿವಭಕ್ತಿಯ ಹೊಸ ಬೆಳಕನ್ನು ಹಚ್ಚಿದ್ದರು. ಬಳ್ಳಿಗಾವೆಯಂತಹ ಕೇಂದ್ರಗಳಲ್ಲಿ ಕಾಳಾಮುಖ ಶೈವರ ಮಠಗಳು ವಿದ್ಯಾಪೀಠಗಳಾಗಿ ಬೆಳೆದಿದ್ದುವು. ಈ ಎಲ್ಲ ಪ್ರವಾಹಗಳೂ ಬಂದು ಮುಟ್ಟುತ್ತಿದ್ದ ಸೀಮೆ ತುಂಗಭದ್ರೆಯ ತೀರ. ಇಂದಿಗೂ ಹರಿಹರ ತಾಲ್ಲೂಕಿನಲ್ಲಿ ಹೆಸರಿನಲ್ಲಿಯೇ ನಂದಿಯನ್ನು ಉಳಿಸಿಕೊಂಡಿರುವ ನಂದಿಗುಡಿಯಂತಹ ಊರುಗಳುಂಟು.

ಹಲವು ಮಾರ್ಗಗಳು ಒಂದೆಡೆ ಸಂಧಿಸಿದಾಗ ಅಲ್ಲಿ ಅರಿವು ಹೆಚ್ಚುವಂತೆಯೇ ಕಲಹವೂ ಹುಟ್ಟಬಹುದು. ಹರಿಯನ್ನು ಬಿಟ್ಟರೆ ಲೋಕದಲ್ಲಿ ಬೇರೆ ದೇವರಿಲ್ಲವೆಂದು ಕೆಲವರು ಸಾಧಿಸುತ್ತಿದ್ದರು. ಹರನನ್ನು ಬಿಟ್ಟರೆ ಬೇರೆ ದೇವರಿಲ್ಲವೆಂದು ಮತ್ತೆ ಕೆಲವರು ವಾದಿಸುತ್ತಿದ್ದರು. ಇದು ಈಗಿನವರ ಊಹೆಯಲ್ಲ. ಪೋಲಾಳ್ವನ ಕಾಲದ ಹರಿಹರದ ಶಾಸನವೇ ಈ ವಾದವನ್ನು ನೆನೆದು, ಮನುಷ್ಯರ ಆ ಸಂದೇಹವನ್ನು ನೀಗಿಸುವುದಕ್ಕಾಗಿಯೇ ಕೂಡಲೂರಿನಲ್ಲಿ ಹರಿಹರನ ಏಕರೂಪವು ಪ್ರಕಟವಾಯಿತೆಂದು ಸಾರುತ್ತದೆ. ಕಲಹವನ್ನು ಮರೆಮಾಚದೆ ಅದನ್ನು ಕಲ್ಲಿನ ಮೇಲೆಯೇ ಬರೆಯಿಸಿ, ಅದಕ್ಕೆ ಪರಿಹಾರವನ್ನೂ ಅಲ್ಲಿಯೇ ತೋರಿಸಿದುದು ಆ ಶಾಸನದ ವಿಶೇಷ.

ಊರಿನ ಸ್ಥಳಪುರಾಣವೂ ಇದೇ ಅರ್ಥವನ್ನು ಕಥೆಯ ರೂಪದಲ್ಲಿ ಹೇಳುತ್ತದೆ. ಪೂರ್ವದಲ್ಲಿ ಉಚ್ಚಂಗಿದುರ್ಗ, ದಕ್ಷಿಣದಲ್ಲಿ ಗೋವಿನಹಾಳು, ಪಶ್ಚಿಮದಲ್ಲಿ ಮುದನೂರು, ಉತ್ತರದಲ್ಲಿ ಐರಣಿ ಇವುಗಳ ನಡುವಣ ಸೀಮೆಯು ಗುಹನೆಂಬ ಅಸುರನ ಬೀಡಾಗಿತ್ತಂತೆ. ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವು ಬಾರದಂತೆ ಅವನು ಬ್ರಹ್ಮನಿಂದ ವರ ಪಡೆದಿದ್ದನು. ಅವನ ಉಪಟಳವನ್ನು ತಾಳಲಾರದೆ ದೇವತೆಗಳು ಮೊರೆಯಿಟ್ಟಾಗ ಹರಿಹರರಿಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ನಿಗ್ರಹಿಸಿದರು. ಒಬ್ಬೊಬ್ಬರೇ ನಿಂತಾಗ ಆಗದ ಕೆಲಸ ಇಬ್ಬರೂ ಒಂದಾದಾಗ ಆಯಿತೆಂಬುದೇ ಈ ಕಥೆಯ ತಿರುಳು.

ಹರಿಹರರ ಏಕರೂಪವು ಪೋಲಾಳ್ವನ ಕಾಲಕ್ಕೆ ಹೊಸದೇನೂ ಆಗಿರಲಿಲ್ಲ. ಅವನಿಗಿಂತ ಆರು ಶತಮಾನಗಳಷ್ಟು ಹಿಂದೆ ಬಾದಾಮಿಯ ಚಾಲುಕ್ಯ ಶಿಲ್ಪಿಗಳು ಶೈವ ಗುಹೆಯಲ್ಲಿಯೂ, 578ರಲ್ಲಿ ಪೂರ್ಣವಾದ ವೈಷ್ಣವ ಗುಹೆಯಲ್ಲಿಯೂ ಹರಿಹರನನ್ನು ಕಡೆದಿದ್ದರು. ಕಡಲಾಚೆಯ ಕಾಂಬೋಡಿಯದಲ್ಲಿ ಒಂಬತ್ತನೆಯ ಶತಮಾನದ ಒಂದು ರಾಜಧಾನಿಗೆ ಹರಿಹರಾಲಯ ಎಂಬ ಹೆಸರೇ ಇದ್ದಿತು. ಜಾವಾ ದ್ವೀಪದಲ್ಲಿ ಮಜಪಹಿತ್ ರಾಜ್ಯದ ಮೊದಲ ಅರಸನಾದ ಕೃತರಾಜಸನ ಸ್ಮಾರಕ ಮೂರ್ತಿಯನ್ನು ಹರಿಹರನ ರೂಪದಲ್ಲಿಯೇ ಕಡೆಯಲಾಯಿತು. ಆದರೆ ಬಾದಾಮಿಯ ಗುಹೆಗಳಲ್ಲಿ ಹರಿಹರನು ಹಲವು ಶಿಲ್ಪಗಳ ನಡುವೆ ಒಂದು ಶಿಲ್ಪ ಮಾತ್ರ. ಅವನನ್ನೇ ಗರ್ಭಗುಡಿಯ ಒಡೆಯನನ್ನಾಗಿ ಕಾಣುವ, ಊರಿಗೆ ಊರೇ ಬಂದು ಸೇರಬಲ್ಲ ಮಹಾಮಂದಿರವನ್ನು ಕಟ್ಟಿಸಿದುದು ಪೋಲಾಳ್ವನ ಹಿರಿಮೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎರಡು ಪಂಥಗಳ ಜನರಿರುವ ಊರಿಗೆ ಎರಡು ದೇವಾಲಯಗಳನ್ನು ಕಟ್ಟಿಸಿದ್ದರೆ ಸಾಲದಾಗಿತ್ತೆ? ಹೊಯ್ಸಳ ನಾಡಿನಲ್ಲಿ ಹಾಗೆ ಕಟ್ಟಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಅರಸೀಕೆರೆಯ ಬಳಿಯ ಹಾರನಹಳ್ಳಿಯಲ್ಲಿ ಲಕ್ಷ್ಮೀನರಸಿಂಹನ ಗುಡಿಯೂ ಸೋಮೇಶ್ವರನ ಗುಡಿಯೂ ಒಂದೇ ಕಾಲದಲ್ಲಿ ಎದ್ದುವು. ಒಂದೇ ಕಟ್ಟಡದಲ್ಲಿ ಎರಡು ಅಥವಾ ಮೂರು ಗರ್ಭಗುಡಿಗಳನ್ನು ಇರಿಸುವ ಪದ್ಧತಿಯೂ ಇದ್ದಿತು. ಅಂತಹವನ್ನು ದ್ವಿಕೂಟ, ತ್ರಿಕೂಟಗಳೆಂದು ಕರೆಯುತ್ತಾರೆ. ಇವು ಸೌಹಾರ್ದದ ಮಾರ್ಗಗಳೇ ಸರಿ. ಆದರೂ ಎರಡು ಗುಡಿಗಳಿದ್ದಾಗ ಯಾವುದು ಎತ್ತರ, ಯಾವ ದೇವರಿಗೆ ಮೊದಲ ಪೂಜೆ ಎಂಬ ಮಾತು ಬಂದೇ ಬರುತ್ತದೆ. ಎರಡು ಬಾಗಿಲುಗಳಿದ್ದಲ್ಲಿ ಜನರು ತಮ್ಮ ತಮ್ಮ ಬಾಗಿಲುಗಳಿಂದ ಒಳಹೊಕ್ಕು, ಪರಸ್ಪರ ಮುಖ ನೋಡದೆಯೇ ಹಿಂದಿರುಗಬಹುದು. ಕೂಡಲೂರಿನ ಕಟ್ಟಡವು ಈ ಮಾತಿಗೆ ಎಡೆಗೊಡಲಿಲ್ಲ. ಅಲ್ಲಿ ಗರ್ಭಗುಡಿ ಒಂದೇ. ಅದರೊಳಗಣ ಮೂರ್ತಿಯೂ ಒಂದೇ. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಹರನಿಗೆ ಕೈಮುಗಿದವನು ಹರಿಗೆ ಮುಗಿಯದೆ ಇರಲಾರ. ಹರಿಗೆ ಹಚ್ಚಿದ ದೀಪ ಹರನಿಗೂ ಬೆಳಗದೆ ಇರದು.

ದೇವಾಲಯವು 1224ರ ವೇಳೆಗೆ ಪೂರ್ಣವಾಯಿತು. ಪೋಲಾಳ್ವನು ಅದನ್ನು 115 ಚಿನ್ನದ ಕಲಶಗಳಿಂದ ಅಲಂಕರಿಸಿದನೆಂದು ಶಾಸನ ತಿಳಿಸುತ್ತದೆ. ಮುಂಜಾನೆಯ ಬಿಸಿಲಿನಲ್ಲಿ ಆ ಕಲಶಗಳು ನದಿಯ ಆಚೆಯ ದಡದವರಿಗೂ ಕಾಣುತ್ತಿದ್ದಿರಬೇಕು.

ಕಟ್ಟಡದ ರಚನೆಯೂ ಅದರ ಉದ್ದೇಶಕ್ಕೆ ತಕ್ಕುದಾಗಿದೆ. ಬೇಲೂರು ಮತ್ತು ಹಳೆಬೀಡಿನ ದೇವಾಲಯಗಳನ್ನು ನೋಡಿದವರು ಹೊರಗೋಡೆಗಳ ಮೇಲೆ ಆನೆ, ಕುದುರೆ, ಬಳ್ಳಿ, ಪುರಾಣಕಥೆಗಳ ಸಾಲುಸಾಲು ಶಿಲ್ಪಗಳನ್ನು ನಿರೀಕ್ಷಿಸುತ್ತಾರೆ. ಹರಿಹರದಲ್ಲಿ ಅಂತಹ ಕಿಕ್ಕಿರಿದ ಕೆತ್ತನೆ ಇಲ್ಲ. ಇಲ್ಲಿಯ ಸೊಬಗು ವಿಶಾಲವಾದ ಸಭಾಮಂಟಪದಲ್ಲಿದೆ. ಗರ್ಭಗುಡಿಯ ಮುಂದೆ ಹರಡಿಕೊಂಡಿರುವ ಈ ಮಂಟಪಕ್ಕೆ ಸುತ್ತಲೂ ಎತ್ತರದ ಗೋಡೆಗಳಿಲ್ಲ. ಸುಮಾರು ಎದೆಯ ಕೆಳಗಿನ ಎತ್ತರದ ಒಂದು ಗೋಡೆ ಮಾತ್ರ ಅಂಚಿನಲ್ಲಿ ಮೂಲೆಮೂಲೆಯಾಗಿ ಹಿಂದೆ ಮುಂದೆ ಸರಿಯುತ್ತ ಸಾಗುತ್ತದೆ. ಅದರ ಮೇಲಿನಿಂದ ಎದ್ದ ಗಿಡ್ಡ ಕಂಬಗಳೂ ಒಳಗಿನ ಎತ್ತರದ ಕಂಬಗಳೂ ಚಾವಣಿಯನ್ನು ಹೊತ್ತಿವೆ. ಗಾಳಿಯೂ ಬೆಳಕೂ ಎಲ್ಲ ಕಡೆಗಳಿಂದಲೂ ಒಳಗೆ ಬರುತ್ತವೆ.

ಕಂಬಗಳ ಕುಶಲತೆಯನ್ನು ವಿಶೇಷವಾಗಿ ಹೇಳಬೇಕು. ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲನ್ನು ಹೆಚ್ಚಾಗಿ ಬಳಸುತ್ತಿದ್ದರು. ಗಣಿಯಿಂದ ತೆಗೆದಾಗ ಮೆದುವಾಗಿರುವ ಈ ಕಲ್ಲು ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಕಲ್ಲನ್ನು ತಿರುಗಿಸುತ್ತ ಉಳಿಯನ್ನು ಹಿಡಿದು, ಬುಗುರಿಯನ್ನು ಕಡೆಯುವಂತೆ ಅವರು ಕಂಬಗಳನ್ನು ಕಡೆಯುತ್ತಿದ್ದರು. ಗಂಟೆಯಂತೆ ಉಬ್ಬಿ, ಬಳೆಗಳಂತೆ ಸುತ್ತುವರಿದು, ಕನ್ನಡಿಯಂತೆ ನುಣುಪಾದ ಅಂತಹ ಕಂಬಗಳು ಹರಿಹರದ ಮಂಟಪದಲ್ಲಿ ಸಾಲುಗಟ್ಟಿ ನಿಂತಿವೆ. ಚಾವಣಿಯಾದರೋ ಬೇರೆ ಹೊಯ್ಸಳ ಗುಡಿಗಳಲ್ಲಿರುವಂತೆ ಆಳವಾದ ಗುಮ್ಮಟದ ಆಕಾರದ್ದಲ್ಲ, ಸಮತಟ್ಟಾದುದು. ಆಡಂಬರಕ್ಕಿಂತ ವೈಶಾಲ್ಯಕ್ಕೆ ಇಲ್ಲಿ ಪ್ರಾಧಾನ್ಯ.

ಈ ವೈಶಾಲ್ಯ ವ್ಯರ್ಥವಾಗಿರಲಿಲ್ಲ. ಆ ಕಾಲದಲ್ಲಿ ದೇವಾಲಯವು ಕೇವಲ ಪೂಜೆಯ ಸ್ಥಳವಾಗಿರದೆ ಊರಿನ ಸಾರ್ವಜನಿಕ ಜೀವನದ ಕೇಂದ್ರವಾಗಿತ್ತು. ಪುರಾಣಶ್ರವಣ, ಸಂಗೀತ, ನೃತ್ಯಗಳು ದೇವಾಲಯದ ಮಂಟಪದಲ್ಲಿ ನಡೆಯುತ್ತಿದ್ದುವು. ಭೂಮಿಯ ದಾನ, ದತ್ತಿಗಳ ನಿರ್ಣಯಗಳನ್ನು ಅದರ ಆವರಣದಲ್ಲಿ ಕಲ್ಲಿನ ಮೇಲೆ ಬರೆಯಿಸಿ ನಿಲ್ಲಿಸುತ್ತಿದ್ದರು. ಹರಿಹರದ ದೇವಾಲಯದ ಅಂಗಳದಲ್ಲಿ ನಿಂತಿರುವ ಹಲವಾರು ಕನ್ನಡ ಶಾಸನಗಳು ಇದಕ್ಕೆ ಸಾಕ್ಷಿ. ಊರಿನ ಲೆಕ್ಕವೂ ದೇವರ ಲೆಕ್ಕವೂ ಅಲ್ಲಿ ಒಂದೇ ಅಂಗಳದಲ್ಲಿ ಉಳಿದುವು.

ಕಟ್ಟಿಸಿದವನ ಕಾಲ ಮುಗಿದ ಮೇಲೆ ಕಟ್ಟಡದ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಪೋಲಾಳ್ವನ ದೇವಾಲಯವು ಆ ಪರೀಕ್ಷೆಯಲ್ಲಿ ಗೆದ್ದಿತು. 1268ರಲ್ಲಿ ಮುಮ್ಮಡಿ ನರಸಿಂಹನ ಸೇನಾನಿಯಾದ ಸೋಮ ದಂಡನಾಯಕನು ಈ ದೇವಾಲಯಕ್ಕೆ ಐದು ನೆಲೆಗಳ ಮಹಾದ್ವಾರವನ್ನು ಕಟ್ಟಿಸಿದನು. ಸೋಮನಾಥಪುರದ ಪ್ರಸಿದ್ಧ ಕೇಶವ ದೇವಾಲಯವನ್ನು 1258ರಲ್ಲಿ ನಿರ್ಮಿಸಿದವನೂ ಇವನೇ. ಒಬ್ಬ ಸೇನಾನಿ ಆರಂಭಿಸಿದ ಕೆಲಸವನ್ನು ಮತ್ತೊಬ್ಬ ಸೇನಾನಿ ಮುಂದುವರಿಸಿದನು.

ಇದಕ್ಕಿಂತಲೂ ಮನಸ್ಸನ್ನು ಸೆಳೆಯುವ ಸಂಗತಿ ಮತ್ತೊಂದುಂಟು. ಸೇವುಣರು ಹೊಯ್ಸಳರ ಬದ್ಧವೈರಿಗಳಾಗಿದ್ದರು. 1276ರಲ್ಲಿ ಸೇವುಣರ ದಂಡನಾಯಕ ಸಾಳುವ ತಿಕ್ಕಮನು ಹೊಯ್ಸಳರ ರಾಜಧಾನಿಯಾದ ದೋರಸಮುದ್ರದ ಮೇಲೆಯೇ ದಂಡೆತ್ತಿ ಹೋದನು. ಅಂತಹವನು 1277ರಲ್ಲಿ ಹರಿಹರಕ್ಕೆ ಬಂದಾಗ ಶತ್ರುವಿನ ಸೇನಾನಿ ಕಟ್ಟಿಸಿದ ದೇವಾಲಯವೆಂದು ಅದನ್ನು ಕಡೆಗಣಿಸಲಿಲ್ಲ. ಆ ಕ್ಷೇತ್ರದಲ್ಲಿ ತಾನೂ ನಾರಾಯಣನ ಗುಡಿಯೊಂದನ್ನು ತನ್ನ ಅರಸುಮನೆತನದ ಮಹಾದೇವರಾಯನ ನೆನಪಿಗಾಗಿ ಕಟ್ಟಿಸಿದನು. ಶಿವನ ಹೆಸರಿನ ಅರಸನ ನೆನಪಿಗೆ ವಿಷ್ಣುವಿನ ಗುಡಿ! ಎರಡು ಪಂಥಗಳನ್ನು ಕೂಡಿಸಲು ಎದ್ದ ಕ್ಷೇತ್ರವು ಎರಡು ವೈರಿರಾಜ್ಯಗಳಿಗೂ ಪೂಜ್ಯವಾಯಿತು.

ವಿಜಯನಗರದ ಕಾಲದಲ್ಲಿಯೂ ಹರಿಹರದ ಮನ್ನಣೆ ಕುಂದಲಿಲ್ಲ. 1410ರಲ್ಲಿ ಹರಿದ್ರಾ ನದಿಗೆ ಅಣೆಯನ್ನು ಕಟ್ಟಿ, ಕಾಲುವೆ ತೆಗೆದು, ದೇವರ ಭೂಮಿಗೂ ಊರಿನ ಬ್ರಾಹ್ಮಣರ ಭೂಮಿಗೂ ನೀರನ್ನು ಹರಿಸಲಾಯಿತು. ಆ ಅಣೆ ಒಡೆದುಹೋದಾಗ 1424ರಲ್ಲಿ ವಿಜಯನಗರದ ಸೇನಾನಿಯೊಬ್ಬನ ನೆರವಿನಿಂದ ಅದನ್ನು ಮತ್ತೆ ಕಟ್ಟಲಾಯಿತು. ಈ ವಿವರಗಳೆಲ್ಲವೂ ಹರಿಹರದ ಶಾಸನಗಳಲ್ಲಿವೆ. ವಿಜಯನಗರದ ಪತನಾನಂತರ ತರೀಕೆರೆಯ ಪಾಳೆಯಗಾರರು, ಸವಣೂರಿನ ನವಾಬರು, ಬಿದನೂರಿನ ನಾಯಕರು, ಮರಾಠರು ಒಬ್ಬರಾದ ಮೇಲೊಬ್ಬರು ಈ ಊರನ್ನು ಆಳಿದರು. 1763ರಲ್ಲಿ ಹೈದರಾಲಿಯು ಇದನ್ನು ವಶಪಡಿಸಿಕೊಂಡನು. ಇಷ್ಟೊಂದು ಕೈಗಳನ್ನು ದಾಟಿ ಬಂದ ಕಟ್ಟಡವು ಹಾನಿಯಿಲ್ಲದೆ ಉಳಿಯುವುದು ಸಾಧ್ಯವಿರಲಿಲ್ಲ. ಗರ್ಭಗುಡಿಯ ಮೂಲ ಶಿಖರ ಈಗಿಲ್ಲ. ಅದರ ಸ್ಥಾನದಲ್ಲಿ ಇಟ್ಟಿಗೆ ಗಾರೆಗಳ ಶಿಖರವಿದೆ. ಚಿನ್ನದ ಕಲಶಗಳು ಶಾಸನದ ಅಕ್ಷರಗಳಲ್ಲಿ ಮಾತ್ರ ಉಳಿದಿವೆ. ಆದರೆ ಮಂಟಪವು ನಿಂತಿದೆ, ಪೂಜೆಯೂ ನಡೆಯುತ್ತಿದೆ. ಕೂಡಲೂರೆಂಬ ಹೆಸರು ಹಿಂದೆ ಸರಿದು, ದೇವರ ಹೆಸರೇ ಊರಿನ ಹೆಸರಾಗಿದೆ.

ಪೋಲಾಳ್ವನ ಕಾರ್ಯಕ್ಕೆ ಅದರ ಕಾಲದ ಮಿತಿಯೂ ಇದ್ದಿತೆಂಬುದನ್ನು ಮರೆಯಬಾರದು. ಅವನು ಕೂಡಿಸಿದುದು ಶೈವ ವೈಷ್ಣವರೆಂಬ ಎರಡು ಮಾರ್ಗದವರನ್ನು. ಹುಟ್ಟಿನ ಕಾರಣದಿಂದ ಕೆಲವರನ್ನು ದೇವಾಲಯದ ಹೊರಗೆಯೇ ನಿಲ್ಲಿಸುತ್ತಿದ್ದ ಅಸ್ಪೃಶ್ಯತೆಯ ಕ್ರೂರ ಪದ್ಧತಿಯು ನಾಡಿನಲ್ಲಿ ಅವನ ಅನಂತರವೂ ಶತಮಾನಗಳ ಕಾಲ ಉಳಿಯಿತು. ಅದು ಶಾಸನಬದ್ಧವಾಗಿ ರದ್ದಾಗಲು ಸ್ವತಂತ್ರ ಭಾರತದ ಸಂವಿಧಾನವು 1950ರಲ್ಲಿ ಜಾರಿಗೆ ಬರಬೇಕಾಯಿತು. ಒಂದು ಬಾಗಿಲು ತೆರೆದ ಮಾತ್ರಕ್ಕೆ ಎಲ್ಲ ಬಾಗಿಲುಗಳೂ ತೆರೆಯುವುದಿಲ್ಲ. ಆದರೆ ಮೊದಲ ಬಾಗಿಲನ್ನು ತೆರೆದವರನ್ನು ನೆನೆಯುವುದು ಉಳಿದ ಬಾಗಿಲುಗಳನ್ನು ತೆರೆಯಲು ಬಲ ಕೊಡುತ್ತದೆ.

ಇಂದಿನ ಹರಿಹರವು ಹಿಂದಿನ ಕೂಡಲೂರಿಗಿಂತ ಬಹಳ ದೊಡ್ಡದು. 1997ರಲ್ಲಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿರುವ ಈ ಪಟ್ಟಣದಲ್ಲಿ ಹರಿಹರೇಶ್ವರನ ಗುಡಿಯಂತೆಯೇ ಮಠಗಳೂ ಮಸೀದಿಗಳೂ ಇವೆ. ದೂರದೂರದಿಂದ ಭಕ್ತರು ಬರುವ ಆರೋಗ್ಯಮಾತೆಯ ಚರ್ಚೂ ಇದೆ. ಹಲವು ಮತಗಳ ಜನರು ಒಂದೇ ಪೇಟೆಯಲ್ಲಿ ವ್ಯಾಪಾರ ಮಾಡುತ್ತಾರೆ. ಒಂದೇ ನದಿಯ ನೀರನ್ನು ಕುಡಿಯುತ್ತಾರೆ. ಪೋಲಾಳ್ವನ ಕಾಲದ ಪ್ರಶ್ನೆ ಬೇರೆ ಬೇರೆ ರೂಪಗಳಲ್ಲಿ ಪ್ರತಿಯೊಂದು ತಲೆಮಾರಿನ ಮುಂದೆಯೂ ಬಂದು ನಿಲ್ಲುತ್ತದೆ. ಜನರನ್ನು ಬೇರ್ಪಡಿಸಲು ಒಂದು ಗೋಡೆ ಸಾಕು; ಅವರನ್ನು ಕೂಡಿಸಲು ವಿಶಾಲವಾದ ಮಂಟಪ ಬೇಕು.

ಯುದ್ಧಭೂಮಿಯಲ್ಲಿ ಕೀರ್ತಿ ಗಳಿಸಿದ ಎಷ್ಟೋ ಸೇನಾನಿಗಳ ಹೆಸರುಗಳು ಮರೆತುಹೋಗಿವೆ. ತುಂಗಭದ್ರೆಯ ದಡದಲ್ಲಿ ಅಂದು ಗೆದ್ದವರಾರು, ಸೋತವರಾರು ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಮಾತ್ರ ಬಲ್ಲರು. ಹೊಯ್ಸಳರ ರಾಜ್ಯವೂ ಸೇವುಣರ ರಾಜ್ಯವೂ ಅಳಿದುಹೋದುವು. ಆದರೆ ಗಡಿಯನ್ನು ಕಾಯಲು ನಿಂತ ಒಬ್ಬ ದಂಡನಾಥನು ಗಡಿಯಿಲ್ಲದ ಒಂದು ಮನೆಯನ್ನು ಕಟ್ಟಿಸಿದನು. ನುಣುಪಾದ ಆ ಕಂಬಗಳ ನಡುವೆ ಇಂದಿಗೂ ಜನರು ಬಂದು ಕುಳಿತು ದಣಿವಾರಿಸಿಕೊಂಡು ಏಳುತ್ತಾರೆ.